ಅಡುಗೆಮನೆಯ ವೈಫೈ

ಕೊಂಡೊರ್‌ಪಾತಾ
ಜೂನ್ ೧೪

ನನ್ನ ಮುದ್ದು ನೆಲಿದಾ,

ನೀನು ಕಳಿಸಿದ ಸ್ವೆಟರ್ ತಲುಪಿತು, ಹಾಕಿಕೊಂಡೇ ಬರೆಯುತ್ತಿದ್ದೇನೆ. ಮತ್ತೆ ಕೆಮ್ಮು ಶುರುವಾದರೆ ಶಾಲೆಯ ಅಡುಗೆ ಕೆಲಸ ಬಿಡಿಸಿ ಅರೆಕಿಪಾ ಪಟ್ಟಣಕ್ಕೆ ನಿನ್ನ ಮನೆಗೇ ಎಳೆದುಕೊಂಡು ಹೋಗುತ್ತೇನೆ ಎಂದು ಹೆದರಿಸಿದ್ದೀಯಲ್ಲ, ಅಂಥದ್ದೇನೂ ಇಲ್ಲ. ನಾನು ಚೆನ್ನಾಗಿದ್ದೇನೆ. ತಲೆ ಕೆಟ್ಟಿರುವುದು ಊರಿನವರಿಗೆ.

ಶಾಲೆಗೆ ಕೊನೆಗೂ ವೈಫೈ ಪೆಟ್ಟಿಗೆ ಬಂತು. ಬೆಟ್ಟದ ಮೇಲಿನ ನಮ್ಮ ಮಕ್ಕಳೂ ಇನ್ನು ಪಟ್ಟಣದ ಪಾಠ ನೋಡಬಹುದು ಎಂದು ವಿಲ್ಬರ್ ಮೇಷ್ಟ್ರು ಕುಣಿದಾಡಿದರು. ಅಷ್ಟರಲ್ಲಿ ಪೋಷಕರ ಸಮಿತಿಯ ಅಧ್ಯಕ್ಷ ತೆಯೋಫಿಲೊ ಸಭೆ ಕರೆದ. "ಅದರ ಅಲೆ ಸೀದಾ ಮಕ್ಕಳ ಮಿದುಳಿಗೇ ಹೊಡಿಯುತ್ತಂತೆ, ನಮ್ಮಣ್ಣನ ಮಗ ಹೇಳಿದಾನೆ" ಎಂದ. ಮೇಷ್ಟ್ರು ಪಾಪ, "ಪೇಟೆಗೆ ಹೋದಾಗ ಕಿವಿಗೆ ಒತ್ಕೊಳ್ತೀರಲ್ಲ ಆ ಫೋನು, ಅದಕ್ಕಿಂತ ಕಮ್ಮಿ ಕಣ್ರೀ ಇದು" ಎಂದು ಗಂಟಲು ಹರಿದುಕೊಂಡರು. ಯಾರು ಕೇಳುತ್ತಾರೆ? ಕೊನೆಗೆ ಪೆಟ್ಟಿಗೆ ತರಗತಿಯಲ್ಲಿ ಬೇಡ, ಅಡುಗೆಮನೆಯಲ್ಲಿರಲಿ ಎಂದು ತೀರ್ಮಾನವಾಯಿತು.

"ಅಲ್ಲಿ ನಾನಿರ್ತೀನಲ್ಲಪ್ಪಾ?" ಎಂದೆ.

"ನಿಂಗೇನಾಗುತ್ತೆ ಬಿಡು ಸತುರ್ನೀನಕ್ಕಾ, ನಿನ್ ಮಿದುಳು ಯಾವತ್ತೋ ಬೆಂದುಹೋಗಿದೆ" ಎಂದ ತೆಯೋಫಿಲೊ. ಸಭೆಯೆಲ್ಲ ನಕ್ಕಿತು. ನಿನ್ನ ಚಿಕ್ಕಮ್ಮನೂ ನಕ್ಕಳು.

ಈಗ ಕೇಳು ಇವರ ಬುದ್ಧಿವಂತಿಕೆ. ಮಣ್ಣಿನ ಗೋಡೆ ಮೊಳ ದಪ್ಪ. ವೈಫೈ ತರಗತಿಯವರೆಗೆ ಹೋಗುವುದೇ ಇಲ್ಲ. ಹಾಗಾಗಿ ಮಕ್ಕಳೆಲ್ಲ ನನ್ನ ಒಲೆಯ ಸುತ್ತ ಆಲೂಗಡ್ಡೆ ಮೂಟೆಗಳ ಮೇಲೆ, ಆ ಪೆಟ್ಟಿಗೆಯ ಕೆಳಗೇ ಕೂತು ಕಲಿಯುತ್ತಿದ್ದಾರೆ. ಸುಳ್ಳೇಕೆ, ನನಗೂ ಖುಷಿಯೇ. ತಿಮಿಂಗಿಲ ಮರಿಗೆ ಹಾಲೂಡಿಸುವುದನ್ನು ನೋಡುತ್ತಾ ನಿಂತು ಒಂದು ದಿನ ಸೂಪು ತಳ ಹಿಡಿಸಿದೆ.

ಮೊನ್ನೆ ತೆಯೋಫಿಲೊ ತಪಾಸಣೆಗೆ ಬಂದ. "ನೋಡಿ, ಮಕ್ಕಳು ಕೆಮ್ತಿವೆ! ಅಲೆ!" ಎಂದು ಕೂಗಿದ. ನನಗೆ ತಡೆಯಲಾಗಲಿಲ್ಲ. "ಅಲೆಯಲ್ಲ ಕಣೋ, ಬೆರಣಿ ಹೊಗೆ! ಹೊಗೆಗೂಡು ಕಟ್ಟಿಸ್ಕೊಡಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ!" ಎಂದೆ.

"ಹೊಗೆ ನಮ್ಮಜ್ಜಿ ಕಾಲದಿಂದ್ಲೂ ಇದೆ, ಅದ್ರಿಂದ ಯಾರು ಸತ್ತಿದಾರೆ?" ಎಂದ.

ನಿನ್ನೆ ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿದ. ಒಳಗೆಲ್ಲ ಮಸಿ. ಹೀಗೇ ಬಿಟ್ಟರೆ ಇದು ಸುಟ್ಟುಹೋಗುತ್ತದೆ, ಸರ್ಕಾರದ ಸೊತ್ತು, ಸಹಿ ಹಾಕಿದ ಅಧ್ಯಕ್ಷರೇ ಜವಾಬು ಹೇಳಬೇಕು ಎಂದ. ತೆಯೋಫಿಲೊ ಆಗಲೇ ಏಣಿ ತರಿಸಿ ಚಾವಣಿ ಅಳೆದ. ಶನಿವಾರ ಊರವರೆಲ್ಲ ಸೇರಿ ಹೊಗೆಗೂಡು ಕಟ್ಟುತ್ತಾರಂತೆ.

ಸಂತೋಷಪಡಬೇಕು, ಆದರೆ ಮೈಯೆಲ್ಲ ಉರಿಯುತ್ತಿದೆ ಮಗಳೇ. ಇಷ್ಟು ವರ್ಷ ನನಗೆ ಕೊಡದ್ದನ್ನು ಒಂದು ಪೆಟ್ಟಿಗೆಗೆ ಕೊಟ್ಟರು. ಆ ಸಿಟ್ಟಿಗೆ ತೆಯೋಫಿಲೊಗೆ ಮಾತ್ರ ಸೂಪು ಬಡಿಸಲಿಲ್ಲ.

ಹೊಟ್ಟೆ ತುಂಬ ತಿನ್ನು, ಚಳಿಗೆ ತಲೆ ಮುಚ್ಚಿಕೋ.

ನಿನ್ನ ಅಮ್ಮ,
ಸತುರ್ನೀನಾ

ತಾ.ಕ.: ಪೆಟ್ಟಿಗೆ ಇದ್ದಮೇಲೆ ಮಗಳ ಮುಖ ನೋಡಿಕೊಂಡೇ ಮಾತಾಡಬಹುದಲ್ಲ, ಬನ್ನಿ ಎಂದು ಮೇಷ್ಟ್ರು ದಿನಾ ಕರೆಯುತ್ತಾರೆ. ನಾನೇ ಒಲ್ಲೆ ಎನ್ನುತ್ತಿದ್ದೇನೆ. ಹೊಗೆಗೂಡು ಆಗಲಿ, ಒಂದೆರಡು ತಿಂಗಳು ಕಳೆಯಲಿ. ಪತ್ರದಲ್ಲಾದರೆ ನನ್ನ ಕೆಮ್ಮು ನಿನಗೆ ಕೇಳಿಸುವುದಿಲ್ಲ.