ಅಣ್ಣನ ಬಗ್ಗೆ ನಾನು ಹೇಳಿದ್ದು

೧೪ ಮಾರ್ಚ್, ಗುರುವಾರ

ಹೊಟ್ಟೆ ತಣ್ಣಗಾಗಿದೆ, ನಿದ್ದೆ ಮಾತ್ರ ಬರುತ್ತಿಲ್ಲ.

ಅತ್ತಿಗೆಗೆ ರಜೆ ಸಿಗಲಿಲ್ಲ. ನಿದ್ದೆಗೆಟ್ಟ ಅಣ್ಣನನ್ನು, ಹಿಂದೆ ನನ್ನನ್ನು ನೋಡಿದ್ದ ಅದೇ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ರೋಗಿಯನ್ನು ಆಚೆ ಕೂರಿಸಿ, ಜೊತೆಗೆ ಬಂದವರನ್ನೇ ಮೊದಲು ಕೇಳುತ್ತಾರೆ. ಅಂದು ನನ್ನ ಬಗ್ಗೆ ಅಣ್ಣ ಹೇಳಿದ್ದನ್ನು ಕೇಳಿಯೇ ನನಗೆ ಸ್ಕಿಜೋಫ್ರೇನಿಯಾ ಎಂದಾಯಿತು. ಆರು ವರ್ಷ ದಿನಾ ನಾಲಿಗೆ ಎತ್ತಿಸಿ ನೋಡಿ ಮಾತ್ರೆ ನುಂಗಿಸಿದ. ಆಮೇಲೆ ಇನ್ನೊಬ್ಬ ಡಾಕ್ಟರು, "ಆ ಕಾಯಿಲೆ ನಿಮಗೆ ಇರ್ಲೇ ಇಲ್ವಲ್ಲಮ್ಮ" ಅಂದರು.

ಇವತ್ತು ಹೇಳುವ ಸರದಿ ನನ್ನದು. "ಬಚ್ಚಲಲ್ಲಿ ಒಬ್ಬನೇ ಮಾತಾಡ್ತಾನೆ. ಆಫೀಸಿನವರೆಲ್ಲ ತನ್ನ ಮೇಲೆ ಕತ್ತಿ ಮಸೀತಿದ್ದಾರೆ ಅಂತಾನೆ. ಟಿವಿಯವರ ಜೊತೆ ಜಗಳ ಆಡ್ತಾನೆ." ಒಂದೂ ಸುಳ್ಳಲ್ಲ. ಬಡ್ತಿ ತಪ್ಪಿದ್ದನ್ನು, ಟಿವಿಯಲ್ಲಿ ನಮ್ಮವರು ಕ್ರಿಕೆಟ್ ಸೋತಿದ್ದನ್ನು ಮಾತ್ರ ಹೇಳಲಿಲ್ಲ.

ಒಳಗೆ ಕರೆದು ಡಾಕ್ಟರು ಅದನ್ನೆಲ್ಲ ಕೇಳಿದಾಗ ಅಣ್ಣ ಕುರ್ಚಿಯಿಂದ ಎದ್ದ. "ಡಾಕ್ಟ್ರೇ, ಇವಳು ಬೇಕಂತ ಹೇಳ್ತಿದ್ದಾಳೆ! ನನಗೇನೂ ಆಗಿಲ್ಲ!"

"ಮೊದಮೊದಲು ಎಲ್ಲರೂ ಹೀಗೇ ಅಂತಾರೆ," ಎಂದರು ಡಾಕ್ಟರು. ನನಗೂ ಇದನ್ನೇ ಅಂದಿದ್ದರು. ಕಾಯಿಲೆಯ ಹೆಸರೂ ಅದೇ, ಮಾತ್ರೆಯೂ ಅದೇ.

ನಿಜ ಹೇಳಿಬಿಡಬೇಕು. ನಾಳೆ. ನಾಡಿದ್ದು ಹೇಳಿದರೂ ಆದೀತು.

ಊಟವಾದ ಮೇಲೆ ಅತ್ತಿಗೆಯ ಎದುರೇ ಮಾತ್ರೆ ಕೊಟ್ಟೆ. "ನುಂಗಿದ್ಯಾ ಅಣ್ಣ? ಎಲ್ಲಿ, ನಾಲಿಗೆ ಎತ್ತು, ನೋಡೋಣ."

ಎತ್ತಿದ.