ಒಂದೇ ಗಂಟೆ, ಎರಡು ಹಾಜರಿ ಪುಸ್ತಕ

ಸೆಪ್ಟೆಂಬರ್ ೧೧, ಗುರುವಾರ

ಹೇಸಿಗೆಯಾಗುತ್ತಿದೆ.

ಜೊತೆಗಿದ್ದ ಉಪನ್ಯಾಸಕ ಕಾಲೇಜು ಬಿಟ್ಟಾಗಿನಿಂದ ಹತ್ತು ಗಂಟೆಗೆ ನನಗೆ ಎರಡು ತರಗತಿ, ಎರಡು ಕೋಣೆಯಲ್ಲಿ. ಇಲ್ಲಿ ಹತ್ತು ನಿಮಿಷ, ಅಲ್ಲಿ ಹತ್ತು ನಿಮಿಷ. ಚಪ್ಪಲಿ ಸವೆದದ್ದೇ ಬಂತು.

ಇವತ್ತಿನ ಪಾಠವೂ ಅದೇ ಆಗಬೇಕೆ! ಕಂಪ್ಯೂಟರಿನ ಒಂದೇ ಪ್ರೊಸೆಸರ್ ಎರಡು ಕೆಲಸವನ್ನು ಸರದಿಯ ಮೇಲೆ ಸಂಭಾಳಿಸಿದರೆ ಕನ್‌ಕರೆನ್ಸಿ. ಎರಡು ಪ್ರೊಸೆಸರ್ ಒಂದೇ ಕ್ಷಣದಲ್ಲಿ ಒಂದೊಂದನ್ನು ಮಾಡಿದರೆ ಪ್ಯಾರಲಲಿಸಂ. ಮೊದಲನೆಯದಕ್ಕೆ ನನ್ನನ್ನೇ ಉದಾಹರಣೆ ಕೊಟ್ಟೆ. ಎಲ್ಲರೂ ನಕ್ಕರು. ಕೆರೆಬಿಳಚಿಯಿಂದ ಬರುವ ಶಾಹಿನಾ ಮಾತ್ರ ನಗಲಿಲ್ಲ.

“ಹಂಗಾದ್ರೆ ನೀವು ಆ ಕಡೆ ಹೋದಾಗ ನಮ್ಮ ಕೆಲ್ಸ ನಿಂತೇ ಇರ್ತೈತಲ್ರೀ ಮಿಸ್?”

ಹೌದು ಎಂದೆ.

ಮಧ್ಯಾಹ್ನ ಪ್ರಿನ್ಸಿಪಾಲ್ ಗುರುಸ್ವಾಮಿ ಎರಡು ಹಾಜರಿ ಪುಸ್ತಕ ತಂದು ಮುಂದಿಟ್ಟರು. ಎರಡರಲ್ಲೂ ಹತ್ತರಿಂದ ಹನ್ನೊಂದು, ಪೂರ್ತಿ ಗಂಟೆ, ನನ್ನದೇ ಹೆಸರು. ಪುಸ್ತಕದ ಪ್ರಕಾರ ನಾನು ಇಬ್ಬರು.

“ನಾಳೆ ತಪಾಸಣೆ ಐತೆ, ಸುಮ್ನೆ ಸೈನ್ ಹಾಕ್ರಿ ಮೇಡಂ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರು ನೋಡಾಕೆ ಹೋಗ್ತಾರೆ?”

ಎಲೆಅಡಿಕೆಯ ಬಾಯಲ್ಲಿ ಆ ನಗು ಬೇರೆ. ಥೂ.

ಅವರನ್ನು ಬೈದು ಏನು ಬಂತು? ಸರದಿಯ ಮೇಲೆ ಮಾಡುವುದಕ್ಕೂ ಒಂದೇ ಕ್ಷಣದಲ್ಲಿ ಮಾಡುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿಲ್ಲ. ಬೋರ್ಡಿನ ಮೇಲೆ ಗೆರೆ ಎಳೆದು ಬಿಡಿಸಿ ಹೇಳಿದವಳು ನಾನು. ಎರಡಕ್ಕೂ ಸಹಿ ಹಾಕಿದವಳೂ ನಾನು. ಶಾಹಿನಾ ಸುಮ್ಮನೆ ಕಾದು ಕೂತ ಅರ್ಧ ಗಂಟೆಯೂ ಪಾಠವೇ ಎಂದು ಬರೆದುಕೊಟ್ಟುಬಿಟ್ಟೆ.

ನಾಳೆ ಹತ್ತಕ್ಕೆ ಆ ಹುಡುಗಿಯ ಮುಂದೆ ನಿಂತು ಇದೇ ಪಾಠ ಮುಂದುವರಿಸಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ?