ಅದಲುಬದಲು ಕುರ್ಚಿ

ಮನೆಯಿಂದ, ಅಡುಗೆಮನೆ ಮೇಜಿನ ಮೇಲೆ
ಹನ್ನೊಂದನೇ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯ್ತಾ? ಹೋದ ಸಲ ಫೋನಲ್ಲಿ ಮಾತಿಗಿಂತ ಕೆಮ್ಮೇ ಜಾಸ್ತಿ ಇತ್ತು. ಇಡೀ ದಿನ ಕಾಲೇಜು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಟ್ಟು ಗಂಟಲು ಹರಿದುಕೊಳ್ತೀಯ, ಸಂಜೆಗೆ ಫ್ರಿಜ್ ನೀರು ಕುಡಿತೀಯ. ಬಿಸಿನೀರು ಕುಡಿಯೋಕೆ ಬರೀರಿ ಅಂತ ನಿಮ್ಮಮ್ಮ ಪಕ್ಕದಲ್ಲೇ ನಿಂತು ಹೇಳ್ತಿದ್ದಾಳೆ, ಬರೆದಿದ್ದೀನಿ. ಅವಳ ಮಂಡಿನೋವು ಇದ್ದ ಹಾಗೇ ಇದೆ, ಬೈಗುಳವೂ ಇದ್ದ ಹಾಗೇ ಇದೆ, ಅಂದ್ರೆ ಚೆನ್ನಾಗಿದ್ದಾಳೆ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ಕೈಯಲ್ಲಿ ಫೋನ್ ಇಟ್ಕೊಂಡು ಈ ಅಪ್ಪ ಯಾಕಪ್ಪಾ ಕಾಗದ ಬರೆದ ಅಂತ ಹುಬ್ಬೇರಿಸ್ತಿರ್ತೀಯ, ಗೊತ್ತು. ಫೋನಲ್ಲಿ ಹೇಳೋ ವಿಷಯ ಅಲ್ಲ ಇದು. ಓದಿ ಮುಗಿಸಿದ ತಕ್ಷಣ ಗಾಬರಿಯಾಗಿ ಫೋನ್ ಮಾಡಬೇಡ, ನಿನಗೆ ಕೈ ಮುಗಿತೀನಿ.

ವಿಷಯ ಏನಂದ್ರೆ, ನಮ್ಮ ಲೆಕ್ಕದ ಮೇಷ್ಟ್ರು ಹೋದ ಗುರುವಾರ ಅಭಿಪ್ರಾಯ ಇಲಾಖೆಯ ಕಚೇರಿಗೆ ಹೋದವರು ಇನ್ನೂ ಮನೆಗೆ ಬಂದಿಲ್ಲ. ನಿನಗೆ ಗುಣಾಕಾರ ಕಲಿಸಿದ ಮೇಷ್ಟ್ರು, ಕಣೇ. ನಾಳೆ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿ ನಡೆದದ್ದನ್ನ ಹೇಳಿ ಅವರನ್ನ ಕರ್ಕೊಂಡು ಬರಬೇಕು ಅಂತಿದ್ದೀನಿ. ಕಚೇರಿ ಅಂದ್ರೆ ನನಗೆ ನಾಲಿಗೆ ಒಣಗುತ್ತೆ, ಅಂಗಡಿಯಲ್ಲಿ ಎಷ್ಟೇ ಬಡಾಯಿ ಕೊಚ್ಚಿಕೊಂಡರೂ. ಅದಕ್ಕೇ ನಿನಗೆ ಗೊತ್ತಿರೋದನ್ನೂ ಸೇರಿಸಿ ಮೊದಲಿನಿಂದ ಹೇಳ್ತೀನಿ. ನಿನ್ನ ಮುಂದೆ ಅಭ್ಯಾಸ ಆದ್ರೆ ನಾಳೆ ತಡವರಿಸಲ್ಲ.

ನಮ್ಮ ಕಟಿಂಗ್ ಅಂಗಡಿಯ ಅದಲುಬದಲು ಆಟ ಶುರುವಾಗಿದ್ದು ನೀನಿನ್ನೂ ಲಂಗ ಹಾಕ್ಕೊಂಡು ಓಡಾಡುವಾಗ. ಒಂದು ಚುನಾವಣೆ ಟೈಮಲ್ಲಿ ಬಸ್ ಡ್ರೈವರ್ರೂ ಬೇಕರಿಯವನೂ ಯಾರು ಗೆಲ್ಲಬೇಕು ಅಂತ ಕಿತ್ತಾಡಿ, ಸೋಪು ಹಚ್ಚಿದ ಮುಖದಲ್ಲೇ ಎದ್ದು ನಿಂತು, ನನ್ನ ದೊಡ್ಡ ಕನ್ನಡಿ ಒಡೆದು ಹಾಕಿದ್ರು. ನನಗೂ ತಲೆ ಕೆಟ್ಟು ಹೋಯ್ತು. ಇನ್ಮೇಲೆ ಈ ಕುರ್ಚಿಯಲ್ಲಿ ಕೂತವನು ತನ್ನ ಎದುರಾಳಿ ಪರವಾಗಿ ಮಾತಾಡಬೇಕು, ಬೆಂಚಿನ ಮೇಲೆ ಕೂತವರು ಅವನ ಸ್ವಂತ ಮಾತನ್ನ ಅವನ ಮೇಲೇ ಎಸೀಬೇಕು, ಆಗದಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ ಅಂದುಬಿಟ್ಟೆ. ಸಿಟ್ಟಲ್ಲಿ ಅಂದದ್ದು, ಪದ್ಧತಿಯೇ ಆಗಿಹೋಯ್ತು. ಯಾರು ಯಾವ ಕಡೆ ಅಂತ ನಾನೇ ಹಂಚ್ತಿದ್ದೆ, ಟವೆಲ್ ಕೊಡವಿ ಕತ್ತಿಗೆ ಸುತ್ತೋವಾಗ ಕಿವಿಯಲ್ಲಿ ಹೇಳಿಬಿಡೋದು. ಚಂದ್ರನ ಮೇಲೆ ಯಾಕೆ ದುಡ್ಡು ಸುರೀಬೇಕು, ಮಕ್ಕಳ ಕೈಗೆ ಫೋನ್ ಕೊಡಬೇಕಾ ಬೇಡವಾ, ಓಟು ಹಾಕದವನಿಗೆ ಬೈಯೋ ಹಕ್ಕಿದೆಯಾ, ಒಂದಾ ಎರಡಾ. ಹಳೇದೆಲ್ಲಾ ಬೇಡ ಅನ್ನೋ ಹುಡುಗರು ಅಜ್ಜಂದಿರ ಹಾಗೆ ಗೊಣಗೋರು, ಅಜ್ಜಂದಿರು ಕಂಪ್ಯೂಟರ್ ಹೊಗಳೋರು. ನಕ್ಕೂ ನಕ್ಕೂ ನನ್ನ ಕೈ ಅಲುಗಿ ಎಷ್ಟು ಜನರ ಮೀಸೆ ಸೊಟ್ಟ ಆಗಿದೆಯೋ ಲೆಕ್ಕವಿಲ್ಲ. ಅಷ್ಟು ವರ್ಷದಲ್ಲಿ ಒಂದು ಜಗಳ ಆಗಲಿಲ್ಲ ಮಗಳೇ. ತಮಗೆ ಆಗದವನ ಮಾತನ್ನ ಒಮ್ಮೆ ತಾವೇ ಆಡಿದವರು ಮನೆಗೆ ಹೋಗುವಾಗ ಸ್ವಲ್ಪ ಮೆತ್ತಗಾಗಿ ಹೋಗೋರು.

ಆಮೇಲೆ ಅಭಿಪ್ರಾಯ ಪೆಟ್ಟಿಗೆ ಬಂತು. ನೀನು ಬೇಸಿಗೆ ರಜೆಗೆ ಬಂದಾಗ ನೋಡಿದೆಯಲ್ಲ, ಗೋಡೆ ಮೂಲೆಯಲ್ಲಿ, ಸೋಪಿನ ಡಬ್ಬಿಯಷ್ಟು ದಪ್ಪದ್ದು. ಅಭಿಪ್ರಾಯ ಇಲಾಖೆಯವರು ಎಲ್ಲಾ ಅಂಗಡಿಗೂ ಪುಕ್ಕಟೆ ಕೊಟ್ಟರು. ಜನ ನೀರು, ರಸ್ತೆ, ಆಸ್ಪತ್ರೆ ಬಗ್ಗೆ ಏನು ಮಾತಾಡ್ಕೊಳ್ತಾರೋ ಅದು ನೇರವಾಗಿ ಮೇಲಿನವರಿಗೆ ಮುಟ್ಟುತ್ತಂತೆ, ಮಧ್ಯದಲ್ಲಿ ಗುಮಾಸ್ತರ ಕಾಟ ಇಲ್ಲವಂತೆ. ನನಗೆ ಮನಸ್ಸಿರಲಿಲ್ಲ. ಮೇಷ್ಟ್ರೇ ನನ್ನ ಬೆನ್ನಿಗೆ ಬಿದ್ದು ಹಾಕಿಸಿದ್ದು. ವಿಜ್ಞಾನ ಅಂದ್ರೆ ಅವರಿಗೆ ಪ್ರಾಣ, ಯಂತ್ರಕ್ಕೆ ಪಕ್ಷಪಾತ ಇಲ್ಲ ಕಣಯ್ಯ, ಮನುಷ್ಯನಿಗಿಂತ ಅದೇ ವಾಸಿ ಅಂತ ವಾದ. ಅದು ಮೂಲೆಯಲ್ಲಿ ತೆಪ್ಪಗೆ ಕೂತು ಎಲ್ಲಾ ಕೇಳಿಸ್ಕೊಳ್ಳುತ್ತೆ, ಏನೂ ಮಾತಾಡಲ್ಲ, ಮರ್ಯಾದೆ ಮಾತ್ರ ಕೊಡ್ತಿರಬೇಕು ಅಂತ ಬೆಂಚಿನವರು ಅದಕ್ಕೆ ಅಳಿಯ ಅಂತ ಹೆಸರಿಟ್ಟರು. ಮಗಳ ಮದುವೆಗೆ ಮೊದಲೇ ಅಳಿಯನನ್ನ ತಂದುಬಿಟ್ಟೆಯಲ್ಲೋ ಅಂತ ನನ್ನನ್ನ ರೇಗಿಸಿದ್ದೇ ರೇಗಿಸಿದ್ದು. ನೀನು ಮಾತ್ರ ನಗಲಿಲ್ಲ. ಅಪ್ಪಾ, ಅದಕ್ಕೆ ನೀವು ಆಡಿದ್ದು ಗೊತ್ತಾಗುತ್ತೆ, ಯಾಕೆ ಆಡಿದಿರಿ ಅನ್ನೋದು ಗೊತ್ತಾಗಲ್ಲ ಅಂದೆ. ಓದಿದೋಳು, ಎಲ್ಲದಕ್ಕೂ ಕೊಂಕು ತೆಗೀತಾಳೆ ಅಂತ ನಿನ್ನನ್ನೂ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ಕೊಟ್ಟು ಮಾತಾಡಿಸಿಬಿಟ್ಟೆ.

ಹೋದ ವಾರಕ್ಕೆ ಹಿಂದಿನ ವಾರ ಮೇಷ್ಟ್ರು ಕಟಿಂಗಿಗೆ ಬಂದ್ರು. ಆಸ್ಪತ್ರೆಯಲ್ಲಿ ಯಾರಿಗೆ ಮೊದಲು ಹಾಸಿಗೆ ಕೊಡಬೇಕು ಅಂತ ಇನ್ನು ಯಂತ್ರವೇ ಹೇಳುತ್ತಂತೆ ಅನ್ನೋ ಸುದ್ದಿ ಆವತ್ತಿನದು. ಮೇಷ್ಟ್ರಿಗೆ ಖುಷಿಯೋ ಖುಷಿ. ಸರಿ, ಕುರ್ಚಿಯಲ್ಲಿ ಕೂತ ಮೇಲೆ ವಿರೋಧ ಮಾಡಲೇಬೇಕಲ್ಲ. ಟವೆಲ್ ಸುತ್ತಿ, ಮೇಷ್ಟ್ರೇ, ಚೆನ್ನಾಗಿ ಉಗೀಬೇಕು, ಬಿಡಬಾರದು ಅಂದೆ. ಅಬ್ಬಾ, ಏನು ಉಗಿದ್ರು! ಅರ್ಧ ತಲೆ ಕತ್ತರಿಸಿದ್ದೆ, ಇನ್ನರ್ಧ ಹಾಗೇ ಇತ್ತು, ಅದೇ ಅವತಾರದಲ್ಲಿ ಬೆರಳೆತ್ತಿ, ನಮ್ಮ ಹೆಂಡರು ಮಕ್ಕಳ ಜೀವ ತೂಗೋಕೆ ಈ ಡಬ್ಬಿ ಯಾರು, ಇವನ್ನೆಲ್ಲಾ ಕಿತ್ತು ಬೀದಿಗೆ ಎಸೆದು ಕಲ್ಲಲ್ಲಿ ಜಜ್ಜಬೇಕು, ಇಟ್ಟವರನ್ನ ಕುರ್ಚಿಯಿಂದ ಇಳಿಸಬೇಕು, ಬನ್ನಿ ಯಾರು ಬರ್ತೀರೋ ಅಂತ ಕೂಗಿದ್ರು. ಬೆಂಚೆಲ್ಲಾ ಚಪ್ಪಾಳೆ. ಡ್ರೈವರ್ ಅಂತೂ ನಾನು ಬರ್ತೀನಿ ಸಾರ್ ಅಂತ ಎದ್ದೇ ನಿಂತ. ಮೇಷ್ಟ್ರು ಕನ್ನಡಿಯಲ್ಲಿ ನನ್ನ ನೋಡಿ ಕಣ್ಣು ಹೊಡೆದು, ಪಾಸಾದೆನಾ ಅಂತ ಕೇಳಿದ್ರು. ಕಣ್ಣು ಹೊಡೆದದ್ದು ಆ ಪೆಟ್ಟಿಗೆಗೆ ಹೇಗೆ ಕೇಳಿಸಬೇಕು?

ಆಮೇಲೆ ಅವರ ಫೋನಿಗೆ, ಬಂದು ವಿವರಣೆ ಕೊಡಿ ಅಂತ ಇಲಾಖೆಯಿಂದ ಮೆಸೇಜು ಬಂತು. ಅವರು ಹೆದರಲೇ ಇಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ನನ್ನ ಅಂಗಡಿ ಮುಂದೆಯೇ ಹೋದ್ರು. ಅಲ್ಲಿರೋರೂ ಓದಿದವರೇ ಅಲ್ವೇನಯ್ಯ, ಒಂದು ಮಾತಲ್ಲಿ ಅರ್ಥ ಆಗುತ್ತೆ, ಬರ್ತಾ ನಿನ್ನ ಹತ್ರ ಟೀ ಕುಡೀತೀನಿ ಅಂದ್ರು. ಆವತ್ತು ಟೀ ತರಿಸಿ ಮುಚ್ಚಿಟ್ಟಿದ್ದೆ. ಮಾರನೇ ದಿನ ಮೇಷ್ಟ್ರ ಹೆಂಡತಿ ಹೋಗಿ ಕೇಳಿದ್ದಕ್ಕೆ, ಇನ್ನೂ ಮಾತುಕತೆ ನಡೀತಿದೆ ಅಮ್ಮಾ, ನೀವು ಆರಾಮಾಗಿರಿ ಅಂದರಂತೆ. ಮೇಷ್ಟ್ರ ಬಿ.ಪಿ. ಮಾತ್ರೆ ಕೊಡೋಕೆ ಹೋದ್ರೆ ತಗೊಳ್ಳಲಿಲ್ಲವಂತೆ, ಇಲ್ಲಿ ಎಲ್ಲಾ ಇದೆ ಅಂದರಂತೆ. ಆ ಯಮ್ಮ ಬಂದು ನಮ್ಮ ಹಿತ್ತಲಲ್ಲಿ ಕೂತು ನಿಮ್ಮಮ್ಮನ ಮಡಿಲಲ್ಲಿ ಮುಖ ಇಟ್ಟು ಅತ್ತಿದ್ದು ನನ್ನ ಕೈಲಿ ನೋಡೋಕಾಗಲಿಲ್ಲ. ನನ್ನ ಒಂದು ಮಾತೂ ಬೈಯಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಸೋಮವಾರ, ಅಂದ್ರೆ ನಿನ್ನೆ, ನಾನೂ ಒಮ್ಮೆ ಹೋಗಿ ಬಂದೆ. ಒಳಗೆ ಬಿಡಲಿಲ್ಲ, ಕಿಟಕಿಯಲ್ಲೇ ಮಾತು. ಕಿಟಕಿಯಲ್ಲಿ ಒಬ್ಬ ಹೆಣ್ಣುಮಗಳು, ನಿನ್ನ ವಯಸ್ಸಿನವಳೇ, ತುಂಬಾ ಮರ್ಯಾದಸ್ತೆ. ಅದು ಆಟ ಕಣಮ್ಮಾ, ಅವರ ಮಾತಲ್ಲ ಅಂದೆ. ಒಳ್ಳೇದಾಯ್ತು ಬಿಡಿ, ಆಟ ಅಂತಲೇ ಬರ್ಕೊಳ್ಳೋಣ, ಯಾರ್ಯಾರು ಆಡ್ತಿದ್ರು, ಯಾರ್ಯಾರು ಏನೇನು ಹೇಳಿದ್ರು, ಹೆಸರು ಹೇಳಿ ಅಂದಳು. ಮೇಷ್ಟ್ರನ್ನ ಬಿಡಿಸೋಕೆ ಇಡೀ ಬೆಂಚನ್ನೇ ಒಪ್ಪಿಸಬೇಕು, ನೋಡು. ಹೆಸರು ಹೇಳದಿದ್ರೆ ಅದು ಆಟ ಅಂತ ನಂಬೋರಿಲ್ಲ. ನೆನಪಿಲ್ಲಮ್ಮಾ ಅಂತ ಹೇಳಿ ಬಂದುಬಿಟ್ಟೆ. ದಾರಿಯುದ್ದಕ್ಕೂ ನನಗೆ ನಾನೇ ಛೀಮಾರಿ ಹಾಕ್ಕೊಂಡೆ.

ಅಂಗಡಿ ಈಗ ನೋಡೋ ಹಾಗಿಲ್ಲ. ಬರೋರು ಬರ್ತಾರೆ, ಕೂತ ಕೂಡಲೇ ಮೂಲೆ ಕಡೆ ತಿರುಗಿ, ರಸ್ತೆ ಎಷ್ಟು ಚೆನ್ನಾಗಿದೆ, ಆಸ್ಪತ್ರೆ ಎಷ್ಟು ಚೆನ್ನಾಗಿದೆ ಅಂತ ಜೋರಾಗಿ ಹೇಳ್ತಾರೆ. ಬೇಕರಿಯವನ ಅಂಗಡಿ ಮುಂದಿನ ಗುಂಡಿಯಲ್ಲಿ ಬಿದ್ದು ಅವನ ಹೆಂಡತಿ ಕೈ ಮುರ್ಕೊಂಡಿದ್ದಾಳೆ, ಅವನೂ ಅದೇ ಹೇಳಿದ. ನಂಬದ್ದನ್ನ ಹೇಳೋದು ಈಗ ಊರಿಗೆಲ್ಲಾ ಬಂತು, ನಗೋರು ಮಾತ್ರ ಇಲ್ಲ. ವೈರಿಂಗಿನವನನ್ನ ಕರೆಸಿ ಪೆಟ್ಟಿಗೆ ತೆಗೆಯೋಕೆ ಹೇಳಿದೆ. ಏಣಿ ಹತ್ತಿ ನೋಡಿದ, ಏನೂ ಮುಟ್ಟದೆ ಇಳಿದ, ಬಂದಿದ್ದಕ್ಕೆ ಕಾಸೂ ಕೇಳದೆ ಹೋದ. ನಿಮ್ಮಮ್ಮ ಕೇಳ್ತಾಳಾ, ಒದ್ದೆ ಟವೆಲ್ ಒಂದನ್ನ ಅದರ ಮೇಲೆ ಹೊದಿಸಿ ಬಂದಳು. ಸ್ವಲ್ಪ ಹೊತ್ತಿಗೇ ನನ್ನ ಫೋನು ಟಿಣ್ ಅಂತು. ನಿಮ್ಮ ಪೆಟ್ಟಿಗೆಗೆ ಸರಿಯಾಗಿ ಕೇಳಿಸುತ್ತಿಲ್ಲ, ದಯವಿಟ್ಟು ಬಟ್ಟೆ ತೆಗೆಯಿರಿ, ಧನ್ಯವಾದ ಅಂತ. ಬೈದಿದ್ದರೆ ತಿರುಗಿ ಬೈಬಹುದಿತ್ತು, ಧನ್ಯವಾದ ಅಂದವರಿಗೆ ಏನಂತೀಯ? ನಾನೇ ಹೋಗಿ ಟವೆಲ್ ತೆಗೆದೆ.

ರಾಜಕೀಯ ಅಂದ್ರೆ ಚುನಾವಣೆಯಲ್ಲಿ ಕೂಗಾಡೋದು, ವಿಜ್ಞಾನ ಅಂದ್ರೆ ನಿಮ್ಮಂಥವರ ಪಾಠ ಅಂತ ಅಂದ್ಕೊಂಡು ಕತ್ತರಿ ಆಡಿಸ್ಕೊಂಡಿದ್ದವನು ನಾನು. ಎರಡೂ ಸೇರಿ ನನ್ನ ಗೋಡೆಯಲ್ಲಿ ಬಂದು ಕೂರುತ್ತೆ ಅಂತ ಯಾರಿಗೆ ಗೊತ್ತಿತ್ತು? ನನಗೆ ತುಂಬಾ ಭಯ ಆಗಿದೆ ಮಗಳೇ. ನಿನ್ನ ಹತ್ರ ಮುಚ್ಚಿಟ್ಟು ಏನು ಪ್ರಯೋಜನ.

ಆದರೂ ಒಂದು ದಾರಿ ಹೊಳೆದಿದೆ. ನಾಳೆ ಹೋಗಿ ಒಂದೇ ಹೆಸರು ಹೇಳ್ತೀನಿ, ನನ್ನದು. ಯಾರ್ಯಾರು ಅಂತ ಕೇಳಿದ್ರೆ ಬೇರೆ ಯಾರೂ ಇಲ್ಲ, ಕಡೆ ಹಂಚಿದವನು ನಾನು, ಉಗೀಬೇಕು ಅಂತ ಕಿವಿಯಲ್ಲಿ ಹೇಳಿಕೊಟ್ಟವನು ನಾನು, ಮೇಷ್ಟ್ರ ಬಾಯಿಂದ ಬಂದದ್ದು ನನ್ನ ಮಾತು ಅಂತೀನಿ. ನಾನು ಅಷ್ಟು ಮೆಲ್ಲಗೆ ಹೇಳಿದ್ದು ಪೆಟ್ಟಿಗೆಗೆ ಕೇಳಿಸಿರುತ್ತಾ? ಕೇಳಿಸಿದ್ರೆ ಅವರಿಗೇ ಗೊತ್ತಾಗುತ್ತೆ, ಮೇಷ್ಟ್ರು ಬಚಾವ್. ನೀನು ಈ ಯಂತ್ರಗಳ ಒಳಗುಟ್ಟು ಬಲ್ಲವಳು, ನಿನ್ನನ್ನ ಕೇಳಿಯೇ ಹೊರಡೋಣ ಅಂದ್ರೆ ಕಾಗದ ಮುಟ್ಟೋವರೆಗೆ ಕಾಯೋಕಾಗಲ್ಲ. ಮೇಷ್ಟ್ರಿಗೆ ಮಾತ್ರೆ ಇಲ್ಲದೆ ಎಷ್ಟು ದಿನ ನಡೆಯುತ್ತೆ? ನಿಮ್ಮಮ್ಮ ಮೊದಲು ಬೇಡ ಅಂದಳು, ಆಮೇಲೆ ಎದ್ದು ಹೋಗಿ ನನ್ನ ಬಿಳಿ ಶರ್ಟು ಒಗೆದು ಹಾಕಿದಳು.

ಬೇರೆ ಎಲ್ಲಾ ಕ್ಷೇಮ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೂದಲು ಕಂಡಕಂಡವರ ಕೈಲಿ ಕತ್ತರಿಸಿಕೊಂಡು ಹಾಳು ಮಾಡ್ಕೋಬೇಡ. ನಿಮ್ಮಮ್ಮನ ಮುತ್ತುಗಳು. ನನ್ನ ಕೈ ಎರಡೂ ನಿನ್ನ ತಲೆ ಮೇಲಿವೆ ಅಂದುಕೋ, ಸದಾ ಸುಖವಾಗಿರು ಕಂದಾ.

ನಿನ್ನ,
ಬಾಯಿಬಡುಕ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಈಗ ನಡೆದದ್ದು. ಲಕೋಟೆ ಅಂಟಿಸಿದವನು ಹರಿದು ಬರೀತಿದ್ದೀನಿ, ಅಕ್ಷರ ಸೊಟ್ಟ ಇದ್ರೆ ಬೇಜಾರಾಗಬೇಡ. ಇವತ್ತು ಅಂಗಡಿಗೆ ರಜೆ ಅಂತ ಗೊತ್ತಿದ್ದೂ ಒಬ್ಬರು ಬಂದು ಮನೆ ಬಾಗಿಲು ತಟ್ಟಿದ್ರು, ಶೇವಿಂಗ್ ಆಗಬೇಕು ಅಂತ. ನೋಡಿದ್ರೆ ನುಣ್ಣನೆ ಮುಖ, ಬೋಳಿಸೋಕೆ ಒಂದು ಎಳೆ ಇಲ್ಲ. ಹೋಗಿ ಅಂತ ಹೇಳೋಕೆ ಧೈರ್ಯ ಬರಲಿಲ್ಲ, ಅಂಗಡಿ ತೆಗೆದು ಕೂರಿಸಿ ಟವೆಲ್ ಸುತ್ತಿದೆ. ಕನ್ನಡಿಯಲ್ಲಿ ನನ್ನನ್ನೇ ನೋಡ್ತಾ, ಇವತ್ತು ನನಗೆ ಯಾವ ಕಡೆ ಕೊಡ್ತೀರಿ ಯಜಮಾನ್ರೇ ಅಂದ್ರು. ಇಲ್ಲಿ ಅಂಥದ್ದೇನೂ ಇಲ್ಲ ಸಾರ್ ಅಂದೆ. ನಕ್ಕರು. ಬೇಸಿಗೆ ರಜೆಯಲ್ಲಿ ನಿಮ್ಮ ಮಗಳಿಗೆ ಕೊಟ್ಟಿದ್ದನ್ನೇ ಕೊಡಿ, ಎಷ್ಟು ಚೆನ್ನಾಗಿ ಮಾತಾಡಿದ್ರು ಅವರು, ಕಾಲೇಜಲ್ಲಿ ಪಾಠ ಮಾಡ್ತಾರಲ್ವಾ ಅಂದ್ರು. ಅದು ಆಟ ಅಂತ ಇಲಾಖೆಯವರಿಗೆ ಮೊದಲಿನಿಂದಲೂ ಗೊತ್ತು ಮಗಳೇ. ಗೊತ್ತಿದ್ದೇ ಮೇಷ್ಟ್ರನ್ನ ಕೂರಿಸ್ಕೊಂಡಿದ್ದಾರೆ. ನಾನು ಹೋಗಿ ಹೇಳೋದಕ್ಕೆ ಹೊಸದೇನೂ ಉಳಿದಿಲ್ಲ. ಆದರೂ ನಾಳೆ ಹೋಗ್ತೀನಿ, ಮೇಷ್ಟ್ರು ಅಲ್ಲಿ ಒಬ್ಬರೇ ಇರಬಾರದು. ಇನ್ನು ನಿನ್ನ ಹತ್ರಾನೂ ಬರ್ತಾರೆ. ಬಂದಾಗ, ನನಗೂ ನಮ್ಮಪ್ಪನಿಗೂ ಆಗಿಬರಲ್ಲ, ಅವನ ತಲೆ ಸರಿಯಿಲ್ಲ, ಹಠ ಮಾಡಿ ಕೂರಿಸಿ ಏನೇನೋ ಹೇಳಿಸಿದ, ಆವತ್ತಿಂದ ಮಾತೇ ಬಿಟ್ಟಿದ್ದೀನಿ ಅಂತ ಹೇಳು. ಇವತ್ತು ನಿನಗೆ ಈ ಕಡೆ ಕೊಟ್ಟಿದ್ದೀನಿ. ಧ್ವನಿ ನಡುಗಿಸಬೇಡ, ಜೋರಾಗಿ ಹೇಳು, ಚೆನ್ನಾಗಿ ಉಗಿ, ಬಿಡಬೇಡ. ನಾನು ಒಂದಕ್ಷರ ನಂಬಲ್ಲ, ಅವರು ನಂಬಿದ್ರೆ ಸಾಕು.